ಮಿಲಿಟರಿ ಜನರೇಟರು ಮತ್ತು ನಮ್ಮ ವಸ್ತಿಯ ದೀಪ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯಲ್ಲಿ ಊರು ಬಿಟ್ಟು ಹೊಲದಲ್ಲೇ ವಸ್ತಿ ಮಾಡಿಕೊಂಡಿರುವ ಕುಟುಂಬಗಳು ಬಹಳ. ಲಿಂಬಿ ತೋಟ, ದ್ರಾಕ್ಷಿ ಪಡ, ದಾಳಿಂಬೆ, ದನಕರು ಇದ್ದವನು ರಾತ್ರಿ ಊರಿಗೆ ಹೋಗಿ ಮಲಗಿದರೆ ನಡೆಯುವುದಿಲ್ಲ. ಹೀಗೆ ಹೊಲದಲ್ಲಿ ಇರುವವರಲ್ಲಿ ಹಲವರು ಈಗ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಮಿಲಿಟರಿಯವರು ತೆಗೆದುಹಾಕಿದ ಡೀಸೆಲ್ ಜನರೇಟರು ಅಗ್ಗಕ್ಕೆ ಸಿಗತಾವಂತರೀ, ತರಬಹುದೇನು?"

ತರಬಹುದು. ಆದರೆ ತರುವ ಮೊದಲು ಎರಡು ಲೆಕ್ಕ ನೋಡಬೇಕು. ಒಂದು ಮಷಿನಿನ ಲೆಕ್ಕ, ಇನ್ನೊಂದು ಸಾಲದ ಲೆಕ್ಕ. ಮಾರುವವನು ಎರಡನ್ನೂ ಹೇಳುವುದಿಲ್ಲ.

ಮೊದಲು ಈ ಪ್ರಶ್ನೆ ಯಾಕೆ ಹುಟ್ಟಿತು ಎಂಬುದನ್ನು ನೋಡೋಣ. ನಿರಂತರ ಜ್ಯೋತಿ ಎಂಬ ಹೆಸರಿನಲ್ಲಿ ಊರಿನ ಲೈನು ಬೇರೆ, ಪಂಪಸೆಟ್ಟಿನ ಲೈನು ಬೇರೆ ಮಾಡಿದರು. ಊರೊಳಗಿನ ಮನೆಗೆ ದಿನವಿಡೀ ಕರೆಂಟು, ಹೊಲದ ಲೈನಿಗೆ ಏಳು ತಾಸು ತ್ರೀ ಫೇಸ್. ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ. ಆದರೆ ಹೊಲದಲ್ಲಿ ಮೋಟರು ಮಾತ್ರ ಇರುತ್ತದೆ, ಮನುಷ್ಯರು ಇರುವುದಿಲ್ಲ ಎಂದು ಯೋಜನೆ ಮಾಡಿದವರು ತಿಳಿದಂತಿದೆ. ವಸ್ತಿಯ ಮನೆ ಪಂಪಸೆಟ್ಟಿನ ಲೈನಿನ ಮೇಲೆಯೇ ಉಳಿಯಿತು. ಏಳು ತಾಸು ಮುಗಿದ ಮೇಲೆ ರಾತ್ರಿ ಸಿಂಗಲ್ ಫೇಸ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 2023ರ ಬರಗಾಲದಲ್ಲಿ ಮಳೆಯೂ ಇಲ್ಲ, ಆಣೆಕಟ್ಟಿನಲ್ಲಿ ನೀರೂ ಇಲ್ಲ ಎಂದಾಗ ಅಕ್ಟೋಬರಿನಲ್ಲಿ ಆ ಏಳು ತಾಸನ್ನೂ ಐದಕ್ಕೆ ಇಳಿಸಿದರು. ಹಾವು ಚೇಳು ತಿರುಗುವ ಹೊತ್ತಿನಲ್ಲಿ ಮಕ್ಕಳನ್ನು ಕತ್ತಲಲ್ಲಿ ಕೂಡಿಸಿಕೊಂಡು ಕುಳಿತ ಹೆಣ್ಣುಮಗಳಿಗೆ ಸರಕಾರದ ಗೃಹಜ್ಯೋತಿಯ ಜಾಹೀರಾತು ಏನು ಬೆಳಕು ಕೊಟ್ಟೀತು? 2023ರಲ್ಲಿ ಶುರುವಾದ ಆ ಯೋಜನೆಯಲ್ಲಿ ಮನೆಗೆ ತಿಂಗಳಿಗೆ 200 ಯೂನಿಟ್‌ವರೆಗೆ ಪುಕ್ಕಟೆ. ಕರೆಂಟು ಬಂದರೆ ತಾನೇ ಪುಕ್ಕಟೆ.

ನಮ್ಮವರದೂ ಒಂದು ತಪ್ಪಿದೆ, ಅದನ್ನು ಮುಚ್ಚಿಡುವುದು ಬೇಡ. ರಾತ್ರಿ ಮನೆಗೆಂದು ಸಿಂಗಲ್ ಫೇಸ್ ಬಿಟ್ಟರೆ ಕೆಲವರು ಕನ್ವರ್ಟರ್ ಹಚ್ಚಿ ಅದರಲ್ಲೇ ಮೋಟರು ಓಡಿಸುತ್ತಾರೆ. ಟಿ.ಸಿ. ಸುಡುತ್ತದೆ. ಒಬ್ಬನ ಬೆಳೆಗೆ ನೀರು, ಹತ್ತು ಮನೆಗೆ ಕತ್ತಲು. ಆಮೇಲೆ "ನೀವೇ ಸುಟ್ಟಿರಿ" ಎಂದು ಹೆಸ್ಕಾಂನವರು ಕೈ ತೊಳೆದುಕೊಳ್ಳಲು ಅದೇ ನೆವ ಆಗುತ್ತದೆ.

ಇನ್ನು ಮಷಿನಿನ ವಿಷಯ. ಸೈನ್ಯದ ಹಳೇ ಸಾಮಾನು ಬಜಾರಕ್ಕೆ ಬರುವುದು ಹೊಸ ಸಂಗತಿಯಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಇಲ್ಲಿ ಉಳಿದ ಯುದ್ಧದ ಸಾಮಾನು ಹರಾಜಾಯಿತು. ಜೀಪು, ಎಂಜಿನ್ನು, ಡೇರೆ, ಬೂಟು ಎಲ್ಲಕ್ಕೂ "ಡಿಸ್ಪೋಸಲ್ ಮಾಲು" ಎಂಬ ಹೆಸರು ಆಗಲೇ ಬಿತ್ತು. ಮುಂದೆ ಈ ಕೆಲಸ ಕೇಂದ್ರದ ಸರಬರಾಜು ಮತ್ತು ವಿಲೇವಾರಿ ಇಲಾಖೆಯದಾಗಿತ್ತು. ಆ ಇಲಾಖೆಯನ್ನು 2017ರಲ್ಲಿ ಮುಚ್ಚಿದರು. ಈಗ ಸೈನ್ಯದ ನಿರುಪಯೋಗಿ ಮಾಲು ಹೆಚ್ಚಾಗಿ ಎಂ.ಎಸ್.ಟಿ.ಸಿ. ಎಂಬ ಸರಕಾರಿ ಕಂಪನಿಯ ಮೂಲಕ ಕಂಪ್ಯೂಟರಿನಲ್ಲಿ ಲಿಲಾವು ಆಗುತ್ತದೆ. ಒಂದೊಂದಾಗಿ ಅಲ್ಲ, ಲಾಟುಗಟ್ಟಲೆ. ಹಾಗಾಗಿ ಕೊಳ್ಳುವವನು ದೊಡ್ಡ ಗುಜರಿ ವ್ಯಾಪಾರಿ. ಅವನು ಒಡೆದು ಮಾರುವಷ್ಟನ್ನು ಒಡೆದು ಮಾರಿ, ನಿಂತಿರುವುದಕ್ಕೆ ಬಣ್ಣ ಹೊಡೆದು ಮುಂದಿನವನಿಗೆ ಕೊಡುತ್ತಾನೆ. ನಮ್ಮ ಕೈಗೆ ಬರುವಷ್ಟರಲ್ಲಿ ಎರಡು ಮೂರು ಲಾಭ ಅದರ ಮೇಲೆ ಕೂತಿರುತ್ತದೆ.

ಲಿಲಾವಿನ ಕರಾರು "ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ" ಎಂಬುದು. ಕೆಟ್ಟರೆ ಕೇಳುವವರಿಲ್ಲ. ಹಸಿರು ಬಣ್ಣ ನೋಡಿ "ಮಿಲಿಟರಿ ಮಾಲು, ಗಟ್ಟಿ" ಎಂದು ನಂಬುವವರಿಗೆ ಒಂದು ಮಾತು: ಗಟ್ಟಿ ಇದ್ದದ್ದನ್ನು ಸೈನ್ಯ ಯಾಕೆ ಬಿಟ್ಟೀತು? ಅವಧಿ ಮುಗಿದದ್ದು, ರಿಪೇರಿಗೆ ಹೆಚ್ಚು ಖರ್ಚು ಬೀಳುವುದು, ಬಿಡಿಭಾಗ ಸಿಗದೇ ಹೋದದ್ದು, ಇವೇ ಹೊರಗೆ ಬರುವುದು. ಬಳಸದೆ ಗೋದಾಮಿನಲ್ಲೇ ಹಳೆಯದಾದ ಒಳ್ಳೇ ಮಷಿನೂ ಒಂದೊಂದು ಸಲ ಸಿಗುತ್ತದೆ, ಇಲ್ಲವೆಂದಲ್ಲ. ಅದು ನಮ್ಮ ಪಾಲಿಗೇ ಬರುತ್ತದೆಂದು ನಂಬುವುದು ಮಟ್ಕಾ ಆಡಿದಂತೆ.

ಅಷ್ಟಾದರೂ ತರುವುದೇ ಎಂದು ನಿಶ್ಚಯಿಸಿದವರು ಮೊದಲು ನೋಡಬೇಕಾದದ್ದು ಎಂಜಿನ್ನನ್ನಲ್ಲ, ಅದಕ್ಕೆ ಬಡಿದಿರುವ ತಗಡಿನ ಪಟ್ಟಿಯನ್ನು. ಅದರಲ್ಲಿ ವೋಲ್ಟ್, ಫೇಸ್, ಸೈಕಲ್, ಸುತ್ತು, ಕೆ.ವಿ.ಎ. ಬರೆದಿರುತ್ತದೆ. ನಮ್ಮ ಮನೆಗೆ ಬೇಕಾದ್ದು 230 ವೋಲ್ಟ್ ಸಿಂಗಲ್ ಫೇಸ್ ಅಥವಾ 415 ವೋಲ್ಟ್ ತ್ರೀ ಫೇಸ್, 50 ಸೈಕಲ್. ಸೈನ್ಯದ ಕೆಲಸವೇ ಬೇರೆ. ವೈರ್‌ಲೆಸ್ ಬ್ಯಾಟರಿ ತುಂಬಲು 28 ವೋಲ್ಟಿನ ಡಿ.ಸಿ. ಸೆಟ್ಟುಗಳಿರುತ್ತವೆ, ಅದರಿಂದ ಮನೆಯ ಫ್ಯಾನು ತಿರುಗುವುದಿಲ್ಲ. ರಡಾರ್ ಮುಂತಾದ ಉಪಕರಣಕ್ಕೆ 400 ಸೈಕಲ್ಲಿನವು ಇರುತ್ತವೆ, ಅವು ನಮಗೆ ಬರೀ ಕಬ್ಬಿಣ. ಅಮೇರಿಕಾ ಕಡೆಯವು 60 ಸೈಕಲ್. ಇದಕ್ಕೆ ನಮ್ಮ ಮೋಟರು ಹಚ್ಚಿದರೆ ಐದರಲ್ಲಿ ಒಂದು ಪಾಲು ಜೋರಾಗಿ ತಿರುಗುತ್ತದೆ. ನೀರು ಜಾಸ್ತಿ ಬಂತೆಂದು ಖುಷಿಪಡುವಷ್ಟರಲ್ಲಿ ಮೋಟರಿನ ಮೇಲೆ ಭಾರ ಒಂದೂವರೆ ಪಟ್ಟಿಗೂ ಮೇಲೆ ಹೋಗಿ ವೈಂಡಿಂಗ್ ಸುಟ್ಟಿರುತ್ತದೆ. 50 ಸೈಕಲ್ಲಿನ ಸೆಟ್ಟು ಸಾಮಾನ್ಯವಾಗಿ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಪಟ್ಟಿಯೇ ಕಿತ್ತುಹೋಗಿದ್ದರೆ ಆ ಮಷಿನನ್ನು ಮುಟ್ಟಬೇಡಿ.

ಎಂಜಿನ್ನನ್ನು ತಣ್ಣಗಿದ್ದಾಗಲೇ ಶುರು ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಟ್ಟಿದ್ದಾರೆಂದೇ ತಿಳಿಯಿರಿ. ಭಾರ ಹಚ್ಚಿ ಒಂದು ತಾಸು ಓಡಿಸಿ. ನೀಲಿ ಹೊಗೆ ಬಿಡದೆ ಬಂದರೆ ಎಣ್ಣೆ ಸುಡುತ್ತಿದೆ, ಕರಿ ಹೊಗೆ ಬಂದರೆ ನಾಜಲ್ ಅಥವಾ ಪಂಪಿನ ದೋಷ. ಎಣ್ಣೆ ಹಾಕುವ ಬಾಯಿ ಬಿಚ್ಚಿದಾಗ ಬುಸುಬುಸು ಗಾಳಿ ಬಂದರೆ ರಿಂಗು, ಲೈನರು ಹೋಗಿವೆ. ವರ್ಷಗಟ್ಟಲೆ ನಿಂತ ಮಷಿನಿನಲ್ಲಿ ಟ್ಯಾಂಕು ತುಕ್ಕು ಹಿಡಿದಿರುತ್ತದೆ, ರಬ್ಬರ್ ಪೈಪು ಒಣಗಿ ಬಿರಿದಿರುತ್ತವೆ, ವೈಂಡಿಂಗ್ ತೇವ ಹೀರಿರುತ್ತದೆ. ಮೆಗ್ಗರ್ ಇಟ್ಟು ಪರೀಕ್ಷೆ ಮಾಡಿಸದೆ ಕರೆಂಟು ಎತ್ತಬೇಡಿ. ಮುಖ್ಯವಾಗಿ, ಅದರ ನಾಜಲ್, ಫಿಲ್ಟರು, ಪಂಪಿನ ಸಾಮಾನು ವಿಜಯಪುರದಲ್ಲೋ ಸೊಲ್ಲಾಪುರದಲ್ಲೋ ಸಿಗುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ. ನಮ್ಮ ಊರುಗಳಲ್ಲಿ ಸೈನ್ಯದ ಇ.ಎಂ.ಇ. ವಿಭಾಗದಲ್ಲಿ ದುಡಿದು ಬಂದ ಮಾಜಿ ಸೈನಿಕರಿದ್ದಾರೆ. ಇಂಥ ಮಷಿನು ಬಿಚ್ಚಿ ಜೋಡಿಸಿದ ಕೈ ಅವರದು. ಅವರಲ್ಲಿ ಒಬ್ಬರನ್ನು ಕರೆದುಕೊಂಡು ಹೋದರೆ ದಲಾಲಿಯ ಬಾಯಿ ಅರ್ಧ ಮುಚ್ಚುತ್ತದೆ.

ಬಿಲ್ಲು, ಮತ್ತು ಲಿಲಾವಿನಲ್ಲಿ ಮಾಲು ಬಿಡುಗಡೆಯಾದ ಕಾಗದದ ನಕಲು, ಎರಡನ್ನೂ ಕೇಳಿ ತೆಗೆದುಕೊಳ್ಳಿ. ಕಾಗದವಿಲ್ಲದ ಸೈನ್ಯದ ಸಾಮಾನು ಮನೆಯಲ್ಲಿ ಸಿಕ್ಕರೆ ಅದು ಕಳವಿನ ಮಾಲಲ್ಲ ಎಂದು ಪೊಲೀಸ್ ಠಾಣೆಯಲ್ಲಿ ಉತ್ತರ ಹೇಳುವ ಪಾಳಿ ನಿಮ್ಮದು.

ಕೂಡಿಸುವ ಕೆಲಸದಲ್ಲಿ ಒಂದು ಸಂಗತಿ ಜೀವದ ಪ್ರಶ್ನೆ. ಜನರೇಟರಿನ ವಾಯರನ್ನು ಮನೆಯ ಪ್ಲಗ್ಗಿಗೋ ಮೋಟರಿನ ಬೋರ್ಡಿಗೋ ನೇರ ಸಿಗಿಸುವ ಚಟ ಕೆಲವರಿಗಿದೆ. ಹಾಗೆ ಮಾಡಿದರೆ ನಿಮ್ಮ ಕರೆಂಟು ಉಲ್ಟಾ ಲೈನಿಗೆ ಹೋಗುತ್ತದೆ. ಟಿ.ಸಿ.ಯ ಮೂಲಕ ಹಿಂದಕ್ಕೆ ಹರಿದಾಗ ನಿಮ್ಮ 415 ವೋಲ್ಟು ಕಂಬದ ಮೇಲೆ 11,000 ಆಗುತ್ತದೆ. ಲೈನು ಬಂದಾಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಅಲ್ಲೇ ಸಾಯುತ್ತಾನೆ. ಅವನೂ ನಮ್ಮಂಥ ರೈತನ ಮಗನೇ. ಆದ್ದರಿಂದ ಚೇಂಜ್‌ಓವರ್ ಸ್ವಿಚ್ಚು ಇಲ್ಲದೆ ಜನರೇಟರು ಹಚ್ಚುವ ಮಾತೇ ಬೇಡ. ಒಂದು ಕಡೆ ಲೈನು, ಇನ್ನೊಂದು ಕಡೆ ಜನರೇಟರು, ಎರಡೂ ಒಟ್ಟಿಗೆ ಕೂಡುವ ದಾರಿಯೇ ಇರಬಾರದು. ಮಷಿನಿನ ಮೈಗೆ ಬೇರೆ, ನ್ಯೂಟ್ರಲ್ಲಿಗೆ ಬೇರೆ ಅರ್ಥಿಂಗ್ ಹಾಕಿಸಿ. ತ್ರೀ ಫೇಸ್ ಸೆಟ್ಟಿನಲ್ಲಿ ನ್ಯೂಟ್ರಲ್ ಸಡಿಲಾದರೆ ಮನೆಯ ಬಲ್ಬು, ಟಿ.ವಿ. ಎಲ್ಲಾ ಒಂದೇ ಏಟಿಗೆ ಹೋಗುತ್ತವೆ. ಲೈಸನ್ಸ್ ಇರುವ ಗುತ್ತಿಗೆದಾರನ ಕೈಯಲ್ಲೇ ಈ ಕೆಲಸ ಮಾಡಿಸಿ, ನಿಮ್ಮ ಸೆಟ್ಟಿನ ಅಳತೆಗೆ ವಿದ್ಯುತ್ ಪರಿವೀಕ್ಷಕರ ಒಪ್ಪಿಗೆ ಬೇಕೇ ಎಂದು ಅವನಿಂದಲೇ ಬರೆಸಿಕೊಳ್ಳಿ. ಮಷಿನನ್ನು ಮಲಗುವ ಮನೆಯ ಪಕ್ಕದ ಕೋಣೆಯಲ್ಲಿ ಇಡಬೇಡಿ. ಅದರ ಹೊಗೆಯಲ್ಲಿರುವ ವಿಷದ ಗಾಳಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಮನುಷ್ಯ ಹೋಗಿಬಿಡುತ್ತಾನೆ. ಬಣವಿಯಿಂದ, ದನದ ಕೊಟ್ಟಿಗೆಯಿಂದಲೂ ದೂರ ಇರಲಿ.

ಇಷ್ಟೆಲ್ಲಾ ಸರಿಯಾಗಿ ಮಾಡಿದರೂ ನಮ್ಮ ನಿಜವಾದ ತೊಂದರೆ ಉಳಿದೇ ಇದೆ. ಅದು ಡೀಸೆಲ್.

ಡೀಸೆಲ್ ಜನರೇಟರು ಭಾರ ತುಂಬಿ ಚೆನ್ನಾಗಿ ಓಡಿದಾಗ ಲೀಟರಿಗೆ ಮೂರು ಯೂನಿಟ್ ಕೊಡುತ್ತದೆ. 2025ರ ಏಪ್ರಿಲಿನಲ್ಲಿ ರಾಜ್ಯ ಸರಕಾರ ಮಾರಾಟ ತೆರಿಗೆಯನ್ನು ಶೇಕಡಾ 18.44ರಿಂದ 21.17ಕ್ಕೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ ಆಯಿತು. ಲೆಕ್ಕಕ್ಕೆ 90 ಎಂದೇ ಹಿಡಿಯೋಣ. ಬರೀ ಎಣ್ಣೆಯ ಖರ್ಚೇ ಯೂನಿಟ್ಟಿಗೆ 30 ರೂಪಾಯಿ. ಇದು ಎಲ್ಲಕ್ಕಿಂತ ಒಳ್ಳೇ ಸ್ಥಿತಿಯ ಮಾತು. ವಸ್ತಿಯ ಮನೆಯಲ್ಲಿ ಇರುವುದೇನು? ಆರು ಎಲ್.ಇ.ಡಿ. ಬಲ್ಬು, ಎರಡು ಮೂರು ಫ್ಯಾನು, ಒಂದು ಟಿ.ವಿ., ಮೊಬೈಲ್ ಚಾರ್ಜು. ಎಲ್ಲಾ ಸೇರಿ ಅರ್ಧ ಕಿಲೋವಾಟು, ಮುಕ್ಕಾಲು ಕಿಲೋವಾಟು. ಇದಕ್ಕೆ 15 ಕೆ.ವಿ.ಎ. ಮಿಲಿಟರಿ ಸೆಟ್ಟು ಓಡಿಸುವುದೆಂದರೆ ಒಂದು ಬುಟ್ಟಿ ಸೊಪ್ಪಿಗೆ ಲಾರಿ ಹೂಡಿದಂತೆ. ಖಾಲಿ ಓಡಿದರೂ ತಾಸಿಗೆ ಒಂದು ಲೀಟರಾದರೂ ಕುಡಿಯುತ್ತದೆ. ಮೇಲಾಗಿ ಭಾರವಿಲ್ಲದೆ ದಿನಾ ಓಡಿದ ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಪೂರ್ತಿ ಸುಡದೆ ಮಸಿ ಕಟ್ಟಿ ಅದರ ಆಯುಷ್ಯವೂ ಕಡಿಮೆಯಾಗುತ್ತದೆ.

ಸಂಜೆ ನಾಲ್ಕು ತಾಸು ಎಂದರೆ ತಿಂಗಳಿಗೆ 120 ಲೀಟರು, 10,800 ರೂಪಾಯಿ. ವರ್ಷಕ್ಕೆ 1,29,600. ಇದನ್ನು ತೊಗರಿಯಲ್ಲಿ ಅಳೆದು ನೋಡಿ. 2025-26ಕ್ಕೆ ಕೇಂದ್ರ ಸರಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 8,000. ಅಂದರೆ ಮನೆಯ ದೀಪಕ್ಕೇ ಹದಿನಾರು ಕ್ವಿಂಟಾಲು ತೊಗರಿ. ಒಣ ಬೇಸಾಯದಲ್ಲಿ ಎಕರೆಗೆ ನಾಲ್ಕು ಕ್ವಿಂಟಾಲು ಬಂದರೆ ಒಳ್ಳೇ ಬೆಳೆ ಎನ್ನುವ ನಮ್ಮ ನೆಲದಲ್ಲಿ ನಾಲ್ಕು ಎಕರೆ ಹೊಲ ಬರೀ ಜನರೇಟರಿನ ಹೊಟ್ಟೆಗೆ. ಅದೂ ಬೆಂಬಲ ಬೆಲೆ ಸಿಕ್ಕಾಗ. ಹೊರದೇಶದ ತೊಗರಿಗೆ ಸುಂಕವಿಲ್ಲದೆ ಬಾಗಿಲು ತೆರೆದು 2025ರಲ್ಲಿ ಪೇಟೆಯ ಧಾರಣೆ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದದ್ದನ್ನು ನೀವೇ ಅಡತಿ ಅಂಗಡಿಯಲ್ಲಿ ನಿಂತು ನೋಡಿದ್ದೀರಿ.

ಮೋಟರಿಗೆ ಎಂದರೆ ಇನ್ನೂ ಭಾರ. ಐದು ಎಚ್.ಪಿ. ಬೋರಿನ ಮೋಟರು ಶುರುವಾಗುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಐದು ಕೆ.ವಿ.ಎ. ಸೆಟ್ಟು ಅಲ್ಲೇ ಕುಸಿದು ನಿಲ್ಲುತ್ತದೆ. ಅದನ್ನು ಎಬ್ಬಿಸಲು 12-15 ಕೆ.ವಿ.ಎ. ಬೇಕು, ತಾಸಿಗೆ ಹೆಚ್ಚುಕಡಿಮೆ ಎರಡು ಲೀಟರು. ಏಳು ತಾಸಿಗೆ 1,260 ರೂಪಾಯಿ. ಫಲ ಕೈಗೆ ಬರುವ ಹೊತ್ತಿನಲ್ಲಿ ದ್ರಾಕ್ಷಿಯನ್ನೋ ದಾಳಿಂಬೆಯನ್ನೋ ಉಳಿಸಿಕೊಳ್ಳಲು ನಾಲ್ಕು ದಿನ ಓಡಿಸುವುದು ಬೇರೆ, ವರ್ಷವಿಡೀ ಅದರ ಮೇಲೆ ಬೇಸಾಯ ಮಾಡುವುದು ಬೇರೆ. ತೆರೆದ ಬಾವಿ ಇದ್ದವರಿಗಂತೂ ಜನರೇಟರು ಬೇಕೇ ಇಲ್ಲ. ಎಂಜಿನ್ನಿಗೇ ಪಂಪು ಜೋಡಿಸುವ ಹಳೇ ಪದ್ಧತಿಯೇ ಅಗ್ಗ. ಎಂಜಿನ್ನಿನಿಂದ ಕರೆಂಟು ಮಾಡಿ ಕರೆಂಟಿನಿಂದ ಮತ್ತೆ ಮೋಟರು ತಿರುಗಿಸುವಾಗ ಎರಡು ಕಡೆ ಸೋರಿಕೆ.

ಈಗ ಸಾಲದ ಲೆಕ್ಕ. ಬ್ಯಾಂಕು, ಸೊಸೈಟಿಯವರು ಗುಜರಿ ಮಷಿನಿಗೆ ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಉಳಿದದ್ದು ಕೈಗಡ, ಇಲ್ಲವೆ ಅಡತಿಯವನ ಮುಂಗಡ. ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ, ತಿಂಗಳಿಗೆ ನೂರಕ್ಕೆ ಮೂರರಂತೆ ಮೂರು ಸಾವಿರ ಬಡ್ಡಿ, ವರ್ಷಕ್ಕೆ 36 ಸಾವಿರ. ಡೀಸೆಲ್ಲಿನ ಜೊತೆ ಕೂಡಿಸಿದರೆ 1,65,600. ಅಡತಿಯವನ ರೊಕ್ಕವಾದರೆ ಬಡ್ಡಿಯ ಜೊತೆಗೆ ಇನ್ನೊಂದು ಕುಣಿಕೆ: ಮಾಲು ಅವನಿಗೇ ಹಾಕಬೇಕು, ಅವನು ಹೇಳಿದ ದಿನ, ಅವನು ಹೇಳಿದ ದರಕ್ಕೆ. ಹಿಂದೆ ಪಿ.ಎಲ್.ಡಿ. ಬ್ಯಾಂಕಿನ ಸಾಲದಲ್ಲಿ ಎಂಜಿನ್ನು, ಪಂಪಸೆಟ್ಟು ತಂದವರ ಬಾವಿ ಬರಗಾಲದಲ್ಲಿ ಬತ್ತಿದಾಗ ಮನೆಯ ಪಾತ್ರೆ, ಬಾಗಿಲು ಜಪ್ತಿಯಾದದ್ದನ್ನು ಹಿರಿಯರು ಕಂಡಿದ್ದಾರೆ. 1980ರಲ್ಲಿ ರೈತಸಂಘ ಹುಟ್ಟಿದ ಮೇಲೆ ಜಪ್ತಿ ಮಾಡಿದ ಸಾಮಾನನ್ನು ಮರುಜಪ್ತಿ ಮಾಡಿ ತಂದ ಚಳವಳಿ ನಡೆದದ್ದು ಇಂಥ ಸಾಲಗಳಿಗಾಗಿಯೇ. ಇವತ್ತಿನ ಕೈಗಡಕ್ಕೆ ಮರುಜಪ್ತಿಯ ದಾರಿಯೂ ಇಲ್ಲ, ಯಾಕೆಂದರೆ ಬಾಗಿಲಿಗೆ ಬರುವವನು ಸರಕಾರಿ ನೌಕರನಲ್ಲ.

ಡೀಸೆಲ್ಲಿನ ದರದಲ್ಲಿ ಇನ್ನೊಂದು ತಮಾಷೆ ಇದೆ. 2021ರ ಬಜೆಟ್ಟಿನಲ್ಲಿ ಲೀಟರ್ ಡೀಸೆಲ್ಲಿನ ಮೇಲೆ ನಾಲ್ಕು ರೂಪಾಯಿ ಕೃಷಿ ಮೂಲಸೌಕರ್ಯ ಸೆಸ್ ಹಾಕಿದರು. ರಸ್ತೆಯ ಸೆಸ್ ಅದಕ್ಕೂ ಮೊದಲಿನಿಂದ ಇತ್ತು. ಹೊಲದಲ್ಲಿ ನಿಂತಲ್ಲೇ ಉರಿಯುವ ಎಂಜಿನ್ನು ಯಾವ ರಸ್ತೆಯನ್ನು ಸವೆಸಿತು? ಕೃಷಿಗೆ ಕರೆಂಟು ಕೊಡದ ಸರಕಾರ, ಕರೆಂಟಿಲ್ಲದೆ ಡೀಸೆಲ್ ಸುಡುವ ಕೃಷಿಕನಿಂದ ಕೃಷಿಯ ಹೆಸರಿನಲ್ಲೇ ಸೆಸ್ ವಸೂಲಿ ಮಾಡುತ್ತದೆ. 1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದದ್ದು ಇಂಥದೇ ಕಾರಣಕ್ಕೆ. ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ ಕೇಳಿದ್ದರು.

ಕರೆಂಟಿಲ್ಲ ಎಂಬ ಮಾತನ್ನು ನಮ್ಮ ಜಿಲ್ಲೆಯವರಿಗೆ ಹೇಳಲು ನಾಚಿಕೆಯಾಗಬೇಕು. ಬಸವನಬಾಗೇವಾಡಿ ಭಾಗದ ಕೂಡಗಿಯಲ್ಲಿ ಎನ್.ಟಿ.ಪಿ.ಸಿ.ಯ 2,400 ಮೆಗಾವಾಟಿನ ಸ್ಥಾವರ ನಿಂತಿದೆ. ಭೂಮಿ ನಮ್ಮದು, ಆಲಮಟ್ಟಿಯ ನೀರು ನಮ್ಮದು, ಬೂದಿಯೂ ನಮ್ಮದೇ. 2014ರ ಜುಲೈಯಲ್ಲಿ ಅಲ್ಲಿ ಪ್ರತಿಭಟನೆಗೆ ಇಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಲಮಟ್ಟಿಯ ಬುಡದಲ್ಲಿ 290 ಮೆಗಾವಾಟಿನ ಜಲವಿದ್ಯುತ್ ಮನೆ ಬೇರೆ ಇದೆ. ಅದರ ಹಿನ್ನೀರಿನಲ್ಲಿ ಬಾಗೇವಾಡಿಯ ಹೊಲ ಮುಳುಗಿವೆ. ಅಲ್ಲಿ ಹುಟ್ಟಿದ ಕರೆಂಟು ದೊಡ್ಡ ತಂತಿಯ ಮೇಲೆ ನಮ್ಮ ಬೆಳೆಯನ್ನು ದಾಟಿ ದೂರದ ಪಟ್ಟಣಗಳಿಗೆ ಹೋಗುತ್ತದೆ, ಆ ತಂತಿಯ ಕೆಳಗಿನ ವಸ್ತಿಯವನು ಗುಜರಿ ಅಂಗಡಿಯಲ್ಲಿ ಜನರೇಟರು ಹುಡುಕುತ್ತಾನೆ.

ಹತ್ತು ಎಚ್.ಪಿ. ವರೆಗಿನ ಪಂಪಸೆಟ್ಟಿಗೆ ಕರೆಂಟು ಪುಕ್ಕಟೆ, ಅದಕ್ಕಾಗಿ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಮೇಲೆ ಸಬ್ಸಿಡಿ ಎಂದು ವಿಧಾನಸೌಧದಲ್ಲಿ ಹೇಳುತ್ತಾರೆ. ಮೀಟರಿಲ್ಲದ ಪಂಪಸೆಟ್ಟಿನ ಲೆಕ್ಕದಲ್ಲಿ ರೈತ ಬಳಸಿದ್ದು ಎಷ್ಟು, ತಂತಿಯಲ್ಲಿ ಸೋರಿದ್ದು ಎಷ್ಟು ಎಂದು ಬಿಡಿಸಿ ತೋರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ರೈತನು ತನ್ನ ಡೀಸೆಲ್ಲಿನಲ್ಲಿ ಓಡಿಸಿಕೊಂಡ ತಾಸುಗಳನ್ನು ಯಾವ ಸಬ್ಸಿಡಿಯಿಂದ ಕಳೆದಿದ್ದಾರೆ?

ಹಾಗಾದರೆ ವಸ್ತಿಯವನು ಇವತ್ತು ಮಾಡಬೇಕಾದ್ದೇನು? ಮನೆಯ ದೀಪಕ್ಕೆ ಎರಡು ಸೋಲಾರ್ ಹಲಗೆ, ಒಂದು ಬ್ಯಾಟರಿ, ಒಂದು ಇನ್ವರ್ಟರು ಸಾಕು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಬ್ಯಾಟರಿಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸುವ ಖರ್ಚು ಹಿಡಿದರೂ ಡೀಸೆಲ್ಲಿನ ಹತ್ತಿರವೂ ಬರುವುದಿಲ್ಲ. ಪಂಪಸೆಟ್ಟಿಗೆ ಕುಸುಮ್-ಬಿ ಯೋಜನೆಯಲ್ಲಿ ಕೇಂದ್ರದ್ದು ಶೇಕಡಾ 30, ರಾಜ್ಯದ್ದು 50, ರೈತನದು 20 ಎಂದು ಹೇಳಿದ್ದಾರೆ. ಅರ್ಜಿ ಹಾಕಿ, ಪಾಳಿ ಬರುವವರೆಗೆ ಬೆನ್ನು ಹತ್ತಿ. ಜನರೇಟರು ಬೇಕೇಬೇಕು ಎನ್ನುವವರು ಒಬ್ಬೊಬ್ಬರೇ ತರಬೇಡಿ. ನಾಲ್ಕೈದು ವಸ್ತಿ ಕೂಡಿ ಒಂದು ತನ್ನಿ, ಟ್ರಾಲಿಯ ಮೇಲೆ ಕೂಡಿಸಿ, ಬೆಳೆ ಒಣಗುವ ದಿನ ಮಾತ್ರ ಸರದಿಯಂತೆ ಓಡಿಸಿ. ತಂದ ಡೀಸೆಲ್ಲಿನ ಚೀಟಿ ಜೋಪಾನ ಮಾಡಿ. ಬೆಂಬಲ ಬೆಲೆ ಕಟ್ಟುವ ಆಯೋಗದ ಮುಂದೆ ಬೇಸಾಯದ ಖರ್ಚು ಇಡುವಾಗ ಕರೆಂಟು ಪುಕ್ಕಟೆ ಎಂದು ಅವರು ಬಾಯಿ ಮುಚ್ಚಿಸಿದರೆ, ತೋರಿಸಲು ನಮ್ಮ ಕೈಯಲ್ಲಿ ಕಾಗದ ಇರಬೇಕು.

ಒಂದೊಂದು ಟಿ.ಸಿ.ಗೆ ಒಂದೊಂದು ನೋಟುಬುಕ್ಕು ಇಡಿ. ಕರೆಂಟು ಬಂದ ಹೊತ್ತು, ಹೋದ ಹೊತ್ತು, ಸಿಂಗಲ್ ಫೇಸ್ ಬಂತೋ ಇಲ್ಲವೋ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳಿಗೆ ಹೇಳಿದರೆ ಅವರೇ ಬರೆಯುತ್ತಾರೆ. ಹಳ್ಳಿಯಲ್ಲಿ ಟಿ.ಸಿ. ಸುಟ್ಟರೆ 72 ತಾಸಿನೊಳಗೆ ಬದಲಿಸಬೇಕು, ತಪ್ಪಿದರೆ ಪರಿಹಾರ ಕೊಡಬೇಕು ಎಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ನಿಯಮವಿದೆ. ಟಿ.ಸಿ. ಸುಟ್ಟ ದಿನವೇ ಸೆಕ್ಷನ್ ಆಫೀಸಿಗೆ ಬರೆದ ಅರ್ಜಿ ಕೊಟ್ಟು ಸಹಿ, ಶಿಕ್ಕಾ ಪಡೆಯಿರಿ, ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ನಾಲ್ಕನೇ ದಿನಕ್ಕೂ ಬಾರದಿದ್ದರೆ ಅದೇ ಶಿಕ್ಕಾದ ನಕಲು ಹಚ್ಚಿ ಗ್ರಾಹಕರ ಕುಂದುಕೊರತೆ ವೇದಿಕೆಗೆ ಅರ್ಜಿ ಹಾಕಿ. ಸಂಘದ ತಾಲೂಕು ಘಟಕಗಳು ಮುಂದಿನ ಸಭೆಗೆ ಈ ನೋಟುಬುಕ್ಕುಗಳನ್ನು ತರಿಸಿಕೊಂಡು, ವಸ್ತಿಯ ಮನೆಗಳಿಗೆ ಪಂಪಸೆಟ್ಟಿನ ಲೈನಿನಿಂದ ಬೇರೆಯಾದ ಸಿಂಗಲ್ ಫೇಸ್ ಲೈನು ಎಲ್ಲೆಲ್ಲಿ ಮೊದಲು ಬೇಕು ಎಂಬ ಪಟ್ಟಿಯನ್ನು ಅಲ್ಲೇ ಕೂತು ತಯಾರಿಸಲಿ.